ಮರುಭೂಮಿಗೆ ಹೋಗಿ ನೀರಿಗೆ ಹೆದರಿದ್ದು

2023ರ ಏಪ್ರಿಲ್‌ನಲ್ಲಿ ನಾವಿಬ್ಬರು ಅಮೆರಿಕದ ಲಾಸ್ ವೇಗಸ್‌ನಲ್ಲಿ ಸಣ್ಣದೊಂದು ಕಾರು ಬಾಡಿಗೆಗೆ ತಗೊಂಡು, ದಕ್ಷಿಣ ಯೂಟಾದ ಕಣಿವೆಗಳನ್ನು ಸುತ್ತಿ, ಅರಿಜೋನಾದ ಒಂದು ಮೂಲೆ ಮುಟ್ಟಿ ವಾಪಸ್ ಬಂದೆವು. ಒಟ್ಟು ಎಂಟು ದಿನ. ನಾನು ತಯಾರಿ ಮಾಡಿಕೊಂಡದ್ದೆಲ್ಲ ಬಿಸಿಲಿಗೆ. ಅಗಲ ಟೋಪಿ, ಸನ್‌ಸ್ಕ್ರೀನ್, ಡಿಕ್ಕಿಯಲ್ಲಿ ನಾಲ್ಕು ಗ್ಯಾಲನ್ ಕುಡಿಯುವ ನೀರು. ಬಿಸಿಲು ಒಂದು ದಿನವೂ ಕಾಟ ಕೊಡಲಿಲ್ಲ. ಪ್ಲಾನ್ ಕೆಡಿಸಿದ್ದೆಲ್ಲ ನೀರೇ.

ಮೊದಲ ಏಟು ಜಯಾನ್ ನ್ಯಾಷನಲ್ ಪಾರ್ಕಿನಲ್ಲಿ. ಆ ಚಳಿಗಾಲ ಯೂಟಾದಲ್ಲಿ ದಾಖಲೆ ಹಿಮ ಬಿದ್ದಿತ್ತು. ನಾವು ಹೋದಾಗ ಅದು ಕರಗಿ ವರ್ಜಿನ್ ನದಿಗೆ ಇಳಿಯುತ್ತಿತ್ತು. ನ್ಯಾರೋಸ್ ಅನ್ನೋ ಜಾಗದಲ್ಲಿ ದಾರಿ ಅಂತ ಬೇರೆ ಇಲ್ಲ, ನದಿಯೊಳಗೇ ನಡೀಬೇಕು. ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ಬಂದ್. ಶಟಲ್ ಬಸ್ಸಿನ ಕೊನೇ ಸ್ಟಾಪ್‌ನಿಂದ ನದಿ ದಂಡೆಯಲ್ಲಿ ಒಂದು ಮೈಲಿ ನಡೆದು, ದಾರಿ ಮುಗಿಯೋ ಕಡೆ ನಿಂತು ನೋಡಿದೆ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣದ ನೀರು, ಒಂದೇ ಸಮನೆ ಅಬ್ಬರ. ತೆರೆದಿದ್ದರೂ ಇಳೀತಿರಲಿಲ್ಲ ಬಿಡಿ.

ಮುಂದಿನದು ಬ್ರೈಸ್ ಕಣಿವೆ, ಅಲ್ಲಿ ಮೊಣಕಾಲುದ್ದ ಹಿಮ. ಕಣಿವೆಯ ಅಂಚೇ ಎಂಟು ಸಾವಿರ ಅಡಿ ಮೇಲಿದೆ ಅನ್ನೋದನ್ನು ಓದಿದ್ದೆ, ತಲೆಗೆ ಹೋಗಿರಲಿಲ್ಲ. ಬೂಟಿಗೆ ಸಿಕ್ಕಿಸೋ ಮುಳ್ಳುಪಟ್ಟಿ ಕೊಂಡು ಸ್ವಲ್ಪ ದೂರ ಇಳಿದೆವು. ಅಲ್ಲಿನ ಕಿತ್ತಳೆ ಬಣ್ಣದ ಕಲ್ಲುಕಂಬಗಳನ್ನು ಕಡೆದದ್ದೂ ನೀರೇ. ಹಗಲು ಕರಗಿ ಬಿರುಕಿಗೆ ಇಳಿಯುತ್ತೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತೆ. ಮಧ್ಯಾಹ್ನ ಸುಮ್ನೆ ನಿಂತು ಕಿವಿಗೊಟ್ಟರೆ ಚೂರು ಉದುರೋ ಟಪ್ ಟಪ್ ಸದ್ದು ಕೇಳುತ್ತೆ.

ಅಲ್ಲಿಂದ 12ನೇ ನಂಬರ್ ಹೆದ್ದಾರಿಯಲ್ಲಿ ಎಸ್ಕಲಾಂಟೆ. ನನ್ನ ಪೆದ್ದುತನ ಬಯಲಾದದ್ದು ಇಲ್ಲೇ. ಊರಿನಿಂದ ಸ್ವಲ್ಪ ಆಚೆ ಹೋಲ್ ಇನ್ ದ ರಾಕ್ ಅನ್ನೋ ಮಣ್ಣಿನ ರಸ್ತೆ ಕವಲೊಡೆಯುತ್ತೆ. ಹನ್ನೆರಡು ಮೈಲಿ ಒಳಗೆ ಡೆವಿಲ್ಸ್ ಗಾರ್ಡನ್ ಅಂತ ಬಂಡೆಗಳ ತೋಟ. ಡಾಂಬರು ಬಿಟ್ಟು ಹೋಗಬಾರದು ಅಂತ ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಹನ್ನೆರಡೇ ಮೈಲಿ ತಾನೆ ಅಂತ ಹೋದೆ. ಹೋಗುವಾಗ ರಸ್ತೆ ಅಲೆಅಲೆಯಾಗಿ ಹಲ್ಲು ಕಟಕಟ ಅನ್ನಿಸಿತು, ಅಷ್ಟೇ. ಬಂಡೆಗಳ ನಡುವೆ ಫೋಟೋ ತೆಗೀತಾ ಇದ್ದಾಗ ಹನಿ ಶುರುವಾಯ್ತು. ಹತ್ತು ನಿಮಿಷ ಇರಬಹುದು, ದೊಡ್ಡ ಮಳೆಯೇನಲ್ಲ.

ಆ ಹತ್ತು ನಿಮಿಷ ಸಾಕಾಯ್ತು. ಅದು ಜೇಡಿಮಣ್ಣಿನ ರಸ್ತೆ, ಮೇಲೆ ಒಂದು ಇಂಚು ನೆನೆದರೆ ಸೋಪು. ಅರ್ಧ ಮೈಲಿ ಹೋಗೋಷ್ಟರಲ್ಲಿ ಕಾರಿನ ಹಿಂಭಾಗ ತನ್ನ ಪಾಡಿಗೆ ಎಡಕ್ಕೆ ಹೊರಟಿತು. ಇಳಿದು ನೋಡಿದರೆ ಟೈರಿನ ಪಟ್ಟೆಗಳೇ ಕಾಣ್ತಿಲ್ಲ, ಮಣ್ಣು ತುಂಬಿ ಹಪ್ಪಳದ ಹಿಟ್ಟಿನ ಉಂಡೆ ಥರ ನುಣ್ಣಗಾಗಿದೆ. ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಒಂದೊಂದು ಬೂಟಿಗೂ ಎರಡೆರಡು ಇಂಚು ಅಟ್ಟೆ. ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನಿಂದ ಬಂದ ಪಿಕಪ್‌ನಲ್ಲಿದ್ದ ಹಿರಿಯರೊಬ್ಬರು ಕಿಟಕಿ ಇಳಿಸಿ ಹೇಳಿದ್ದು ಇಷ್ಟೇ: "ಒದ್ದಾಡಬೇಡಿ, ಸುಮ್ನೆ ಕೂತ್ಕೊಳ್ಳಿ, ಒಣಗುತ್ತೆ." ಕೂತೆವು. ಬಿಸಿಲು, ಗಾಳಿ. ಮೂರು ಗಂಟೆಯಲ್ಲಿ ಮೇಲ್ಪದರ ಬಿರಿದು ಗಟ್ಟಿಯಾಯ್ತು. ಎಳೆದೊಯ್ಯೋ ಗಾಡಿ ಕರೆಸೋ ಸ್ಥಿತಿ ಬರಲಿಲ್ಲ, ಅದೊಂದು ಪುಣ್ಯ. ಅದಾದ ಮೇಲೆ ಬೆಳಿಗ್ಗೆ ವಿಸಿಟರ್ ಸೆಂಟರ್‌ಗೆ ಹೋಗಿ ರೇಂಜರ್ ಹತ್ತಿರ "ರಸ್ತೆ ಹೇಗಿದೆ" ಅಂತ ಕೇಳದೆ ಎಲ್ಲೂ ತಿರುಗಲಿಲ್ಲ. ಫೋನಿನ ಮ್ಯಾಪಿಗೆ ಮಣ್ಣು ಯಾವುದು ಕೆಸರು ಯಾವುದು ಗೊತ್ತಾಗಲ್ಲ.

ಮಾರನೇ ದಿನ ಹಾಗ್‌ಬ್ಯಾಕ್. ಎರಡೂ ಕಡೆ ಪ್ರಪಾತ, ನಡುವೆ ಎರಡು ಲೇನ್ ರಸ್ತೆ, ತಡೆಗೋಡೆ ಇಲ್ಲ. ಓಡಿಸಿದ್ದು ನಾನಲ್ಲ. ಆಚೆಗಿನ ಬೌಲ್ಡರ್ ಎಷ್ಟು ಮೂಲೆಯ ಊರು ಅಂದ್ರೆ, 1930ರ ದಶಕದಲ್ಲೂ ಅಲ್ಲಿಗೆ ಟಪಾಲು ಹೇಸರಗತ್ತೆ ಮೇಲೆ ಹೋಗ್ತಿತ್ತು. ಮುಂದೆ ರಸ್ತೆ 9,600 ಅಡಿಗೆ ಹತ್ತಿ, ಹಿಮದ ನಡುವೆ ಹಾದು, ಟೋರಿಗೆ ಇಳಿಯುತ್ತೆ.

ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಟೋರಿ ಪಕ್ಕದ ಕ್ಯಾಪಿಟಲ್ ರೀಫ್. ಹೆಸರು ಕಡಿಮೆ, ಜನವೂ ಕಡಿಮೆ. ಅಲ್ಲಿ ಫ್ರೂಟಾ ಅಂತ ಒಂದು ಊರಿತ್ತು. 1880ರ ಆಸುಪಾಸು ಬಂದ ಮಾರ್ಮನ್ ಅನ್ನೋ ಕ್ರೈಸ್ತ ಪಂಗಡದ ಕುಟುಂಬಗಳು ಫ್ರೀಮಾಂಟ್ ನದಿಯಿಂದ ಕಾಲುವೆ ತೋಡಿ ಹಣ್ಣಿನ ಮರ ಹಾಕಿದವು. ಜನ ಹೋಗಿದ್ದಾರೆ, ತೋಟ ಉಳಿದಿದೆ, ಎರಡು ಸಾವಿರದ ಹತ್ತಿರ ಮರಗಳು. ಈಗ ನ್ಯಾಷನಲ್ ಪಾರ್ಕಿನವರೇ ನೋಡಿಕೊಳ್ತಾರೆ. ನಾವು ಹೋದಾಗ ಕೆಲವು ಮರ ಹೂ ಬಿಟ್ಟಿದ್ದವು, ಕೆಲವು ಇನ್ನೂ ಮೊಗ್ಗು. ಹಿಂದೆ ನೂರಾರು ಅಡಿಯ ಕೆಂಪು ಗೋಡೆ, ಮುಂದೆ ತಿಳಿಗುಲಾಬಿ ಹೂ, ಕಾಲ ಕೆಳಗೆ ಮೊಣಕೈಯಷ್ಟು ಅಗಲದ ಕಾಲುವೆಯಲ್ಲಿ ನೀರು. ಗಿಫರ್ಡ್ ಹೌಸ್ ಅನ್ನೋ ಹಳೇ ಮನೆಯಲ್ಲಿ ಮಾರೋ ಪುಟ್ಟ ಪೈ ಕೊಂಡು ಕಾಲುವೆ ಪಕ್ಕ ಕೂತು ತಿಂದೆವು. ಎರಡು ರಾತ್ರಿ ಉಳಿಯಬೇಕಿತ್ತು, ಒಂದೇ ಇಟ್ಟುಕೊಂಡಿದ್ದೆ.

ಹ್ಯಾಂಕ್ಸ್‌ವಿಲ್‌ನಲ್ಲಿ ಬಂಡೆ ಕೊರೆದು ಮಾಡಿದ ಅಂಗಡಿಯ ಪೆಟ್ರೋಲ್ ಬಂಕ್ ಇದೆ. ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ, ನೂರು ಮೈಲಿಗೂ ಜಾಸ್ತಿ ಖಾಲಿ ರಸ್ತೆ. ದಾರಿಯಲ್ಲಿ ಮೋಕಿ ಡಗ್‌ವೇ ಸಿಗುತ್ತೆ, 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗಾಗಿ ಗುಡ್ಡದ ಗೋಡೆಗೆ ಕೊರೆದ ಜಲ್ಲಿ ರಸ್ತೆ. ಡಾಂಬರು ಬಿಡೋ ಧೈರ್ಯ ಇನ್ನು ಇರಲಿಲ್ಲ. ಬ್ಲಫ್ ಕಡೆ ಬಳಸಿಕೊಂಡು ಹೋದೆವು.

ಮಾನ್ಯುಮೆಂಟ್ ವ್ಯಾಲಿ, ಅರಿಜೋನಾದ ಪೇಜ್ ಊರಿನ ಪಕ್ಕದ ಆಂಟಲೋಪ್ ಕಣಿವೆ, ಎರಡೂ ನವಾಹೋ ಅನ್ನೋ ಮೂಲನಿವಾಸಿ ಜನರ ನೆಲ. ಆಗ 80 ಡಾಲರ್ ಇದ್ದ ನ್ಯಾಷನಲ್ ಪಾರ್ಕ್ ಪಾಸ್ ಅಲ್ಲಿ ನಡೆಯಲ್ಲ, ಆಂಟಲೋಪ್‌ಗೆ ಗೈಡ್ ಇಲ್ಲದೆ ಬಿಡಲ್ಲ. 1997ರ ಆಗಸ್ಟ್ 12ರಂದು ಕೆಳ ಆಂಟಲೋಪ್‌ನಲ್ಲಿ ದಿಢೀರ್ ನುಗ್ಗಿದ ಪ್ರವಾಹಕ್ಕೆ 11 ಜನ ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ. ಭುಜ ತಾಗೋ ಕಡೆ ನಿಂತು ತಲೆ ಎತ್ತಿದರೆ ಎಲ್ಲೋ ಎತ್ತರದಲ್ಲಿ ಎರಡು ಗೋಡೆ ನಡುವೆ ಸಿಕ್ಕಿಕೊಂಡ ಮರದ ದಿಮ್ಮಿ. ಅಷ್ಟೆತ್ತರಕ್ಕೆ ಅದನ್ನು ಯಾರೂ ಹೊತ್ತು ಹಾಕಿಲ್ಲ, ಅಲ್ವಾ?

ಇನ್ನೊಂದು ಗೊಂದಲ ಗಡಿಯಾರದ್ದು. ಬೇಸಿಗೆಗೆ ಯೂಟಾ ಗಡಿಯಾರ ಒಂದು ಗಂಟೆ ಮುಂದಿಡುತ್ತೆ, ನವಾಹೋ ಸೀಮೆಯೂ ಇಡುತ್ತೆ, ಅರಿಜೋನಾ ಇಡಲ್ಲ. ಪೇಜ್‌ಗೆ ಒಂದು ಗಂಟೆ ಬೇಗ ಬಂದು ಬಿಸಿಲಲ್ಲಿ ಕಾದೆವು. ಸಂಜೆ ಯೂಟಾದ ಕನಾಬ್‌ಗೆ ಹೋಗುವಾಗ ಆ ಗಂಟೆ ವಾಪಸ್ ಕೊಡಬೇಕಾಯ್ತು. ಕಾರಿನ ಗಡಿಯಾರದಲ್ಲಿ ಏಳೂವರೆ, ಊರಲ್ಲಿ ಎಂಟೂವರೆ. ಹೋಟೆಲಿನವರು ಕುರ್ಚಿ ಮೇಜಿನ ಮೇಲೆ ಮಗುಚಿ ಆಗಿತ್ತು.

ರಾತ್ರಿ ಬಿಸ್ಕತ್ತಲ್ಲಿ ಮುಗೀತು. ಬೆಳಿಗ್ಗೆ ಡಿಕ್ಕಿಯಲ್ಲಿ ಎರಡು ಗ್ಯಾಲನ್ ನೀರು ಒಡೆಯದೆ ಹಾಗೇ ಇತ್ತು. ಎಸ್ಕಲಾಂಟೆಯ ಕೆಸರು ಚಕ್ರದ ಮೇಲೆ ಕಲ್ಲಾಗಿತ್ತು. ಸುರಿದು, ನೆನೆಸಿ, ಹೋಟೆಲಿನ ಪ್ಲಾಸ್ಟಿಕ್ ಚಮಚದಲ್ಲಿ ಕೆರೆದೆ.