ಕರ್ನಾಟಕದ ಹಗರಣಗಳ ಹಿಸ್ಟರಿ ನೀವೇ ಕೆದಕೋದು ಹೇಗೆ

ಎಲೆಕ್ಷನ್ ಹತ್ರ ಬಂದ್ರೆ ಸಾಕು, ನಿಮ್ಮ ಕಾಲದಲ್ಲಿ ಅಷ್ಟು ತಿಂದ್ರು, ನಮ್ಮ ಕಾಲದಲ್ಲಿ ಏನೂ ಇಲ್ಲ ಅಂತ ಶುರು ಆಗುತ್ತೆ. ಅದನ್ನ ಕೇಳ್ಕೊಂಡು ಕೂತ್ರೆ ತಲೆಬುಡ ಗೊತ್ತಾಗಲ್ಲ. ಪಾರ್ಟಿ ಬಿಡಿ, ಒಂದು ಕೇಸ್ ಹಿಡೀರಿ, ಆರೋಪದಿಂದ ತೀರ್ಪಿನ ತನಕ ತಾರೀಕು ಸಮೇತ ಬರ್ಕೊಳ್ಳಿ.

ಹಳೇದು ಸ್ವಲ್ಪ ಗೊತ್ತಿರ್ಲಿ. 1977ರಲ್ಲಿ ದೇವರಾಜ ಅರಸು ಸರ್ಕಾರದ ಮೇಲೆ ಕೇಂದ್ರ ಗ್ರೋವರ್ ತನಿಖಾ ಆಯೋಗ ಕೂರಿಸ್ತು, ಅದನ್ನ ಪ್ರಶ್ನಿಸಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರದಲ್ಲಿ ಹೈಕೋರ್ಟ್ ಛೀಮಾರಿ ಹಾಕ್ತು ಅಂತ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮೂರೇ ದಿನಕ್ಕೆ ವಾಪಸ್ ತಗೊಂಡ್ರು. 1984ರ ಲೋಕಾಯುಕ್ತ ಕಾಯ್ದೆ ತಂದಿದ್ದೂ ಅವರ ಸರ್ಕಾರನೇ, ನೋಡಿ.

ಪ್ರಾಕ್ಟೀಸ್‌ಗೆ ಅಕ್ರಮ ಗಣಿಗಾರಿಕೆ ಕೇಸೇ ಬೆಸ್ಟ್, ಯಾಕಂದ್ರೆ ಅದರಲ್ಲಿ ಎಲ್ಲಾ ಥರದ ತಿರುವೂ ಇದೆ. ಜುಲೈ 2011ರಲ್ಲಿ ಸಂತೋಷ್ ಹೆಗ್ಡೆ ಕೊಟ್ಟ ಲೋಕಾಯುಕ್ತ ವರದಿ 16,085 ಕೋಟಿ ನಷ್ಟ ಅಂತ ಅಂದಾಜು ಹಾಕ್ತು, ಅದೇ ತಿಂಗಳ ಕೊನೆಗೆ ಯಡಿಯೂರಪ್ಪ ಸಿಎಂ ಕುರ್ಚಿ ಬಿಟ್ರು. ಜಾಸ್ತಿ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಮುಂದೆ ಹೋಗಿ: 2012ರಲ್ಲಿ ಹೈಕೋರ್ಟ್ ಅವರ ಮೇಲಿನ ಎಫ್‌ಐಆರ್ ರದ್ದು ಮಾಡ್ತು, ಆಮೇಲೆ ಸುಪ್ರೀಂ ಕೋರ್ಟ್ ಹೇಳಿ ಸಿಬಿಐ ಬಂತು, 2016ರಲ್ಲಿ ಸಿಬಿಐ ಕೋರ್ಟ್ ಖುಲಾಸೆ ಮಾಡ್ತು. ಇನ್ನೊಂದು ಕಡೆ ಬೇಲೆಕೇರಿ ಬಂದರಲ್ಲಿ 2010ರಲ್ಲಿ ಸೀಜ್ ಮಾಡಿಟ್ಟಿದ್ದ ಅದಿರೇ ಹಡಗು ಹತ್ತಿ ಹೋಯ್ತಲ್ಲ, ಅದರಲ್ಲಿ ಶಾಸಕ ಸತೀಶ್ ಸೈಲ್‌ಗೆ ಶಿಕ್ಷೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ, ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆ ಅಮಾನತಲ್ಲಿಟ್ತು. ಹಂಗಾಗಿ ರದ್ದು, ಖುಲಾಸೆ, ಅಮಾನತು ಮೂರನ್ನೂ 'ಕ್ಲೀನ್‌ಚಿಟ್' ಅಂತ ಒಂದೇ ಕಾಲಮ್ಮಿಗೆ ತುಂಬಬೇಡಿ, ಟಿವಿಯವರು ಮಾಡೋದು ಅದನ್ನೇ.

ಫೈಲ್ ಎಲ್ಲಿ ನಿಂತಿದೆ ಅಂತ ಹುಡುಕೋದೇ ಅಸಲಿ ಕೆಲಸ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಪ್ರಕಾರ, ಅಧಿಕಾರದಲ್ಲಿದ್ದಾಗ ತಗೊಂಡ ನಿರ್ಧಾರದ ಬಗ್ಗೆ ತನಿಖೆ ಶುರು ಮಾಡೋಕೂ ಮೊದಲೇ ಅನುಮತಿ ಬೇಕು, ಕೋರ್ಟಲ್ಲಿ ವಿಚಾರಣೆ ನಡೆಸೋಕೆ 19ನೇ ಸೆಕ್ಷನ್ ಅನುಮತಿ ಬೇರೆ. 17ಎ ಅನುಮತಿ ಸಿಕ್ಕಿದ್ರೂ ತನಿಖೆ ಕೊನೆಗೆ ಪೊಲೀಸರು ಬಿ ರಿಪೋರ್ಟ್ (ಸಾಕ್ಷ್ಯ ಇಲ್ಲ, ಕೇಸ್ ಮುಚ್ಚಿ ಅನ್ನೋ ವರದಿ) ಹಾಕಿ ಮುಗಿಸಬಹುದು. ತನಿಖೆ ಮಾಡೋರು ಯಾರು ಅಂತಲೂ ನೋಡಿ, 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಲೋಕಾಯುಕ್ತ ಪೊಲೀಸರ ಕೈಯಿಂದ ಈ ಕೇಸ್‌ಗಳನ್ನ ಕಿತ್ಕೊಂಡ್ರು, 2022ರಲ್ಲಿ ಹೈಕೋರ್ಟ್ ಎಸಿಬಿನೇ ರದ್ದು ಮಾಡಿ ವಾಪಸ್ ಕೊಡಿಸ್ತು.

ದಾಖಲೆಗೆ ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಮಹಾಲೇಖಪಾಲರ ವರದಿ ಆನ್‌ಲೈನಲ್ಲಿದೆ, ಬೋರ್ ಹೊಡೆಯುತ್ತೆ ಆದ್ರೆ ಯಾರ ಬಾಯಿಮಾತೂ ಅದರಲ್ಲಿಲ್ಲ. ಆಸ್ತಿ ಎಷ್ಟು ಬೆಳೀತು ಅಂತ ಬೇಕಾದ್ರೆ ಒಬ್ಬರದ್ದೇ ಎರಡ್ಮೂರು ಎಲೆಕ್ಷನ್ ಅಫಿಡವಿಟ್ ಪಕ್ಕಪಕ್ಕ ಇಟ್ಟು ನೋಡಿ, ಹೆಂಡತಿ ಮಕ್ಕಳ ಕಾಲಮ್ ಬಿಡ್ಬೇಡಿ.

ಸಿಗದೇ ಇದ್ದಿದ್ದಕ್ಕೆ ಆರ್‌ಟಿಐ, ಫೀಸು 10 ರೂಪಾಯಿ. ಕರ್ನಾಟಕದ ರೂಲ್ಸ್ ಪ್ರಕಾರ ಒಂದೇ ವಿಷಯ ಕೇಳ್ಬೇಕು, 150 ಪದ ದಾಟಬಾರದು. 'ಆ ಹಗರಣದ ಎಲ್ಲಾ ದಾಖಲೆ ಕೊಡಿ' ಅಂತ ಬರೆದ್ರೆ ತಳ್ಳಿಹಾಕೋಕೆ ನೀವೇ ನೆಪ ಕೊಟ್ಟಂಗೆ. ಅನುಮತಿ ಕೋರಿದ ಪತ್ರ ಯಾವ ತಾರೀಕು ಬಂತು, ಈಗ ಯಾರ ಹತ್ರ ಇದೆ, ಟಿಪ್ಪಣಿ ಹಾಳೆಯ ದೃಢೀಕೃತ ಪ್ರತಿ ಕೊಡಿ, ಇಷ್ಟೇ ಕೇಳಿ.