ಪಾಕೆಟ್ ಹೋಲ್ ಜಿಗ್: ನನ್ನ ಎರಡನೇ ಖರೀದಿ

ಅಡುಗೆಮನೆಗೆ ನಾನೇ ಕಬೋರ್ಡ್ ಮಾಡಲು ಕೂತಾಗ ಮೊದಲು ತಲೆಕೆಡಿಸಿದ್ದು ಮೂಲೆಯ ಜೋಡಣೆ. ಹೊರಗಿನಿಂದ ಸ್ಕ್ರೂ ಹಾಕಿದರೆ ಅದು ಇನ್ನೊಂದು ಪ್ಲೈವುಡ್‌ನ ಅಂಚಿಗೆ ಹೋಗುತ್ತದೆ. ಪದರ ಬಿಟ್ಟುಕೊಳ್ಳುತ್ತದೆ. ಸ್ಕ್ರೂ ತಲೆಯೂ ಹೊರಗೆ ಕಾಣುತ್ತದೆ. ಪಾಕೆಟ್ ಹೋಲ್ ಹಾಗಲ್ಲ. ಹಲಗೆಯ ಮರೆಯಾಗುವ ಕಡೆಯಿಂದ 15 ಡಿಗ್ರಿ ಓರೆಯಾಗಿ ತೂತು ಕೊರೆಯುತ್ತೇವೆ. ಸ್ಕ್ರೂ ಅಂಚಿನಿಂದ ಹೊರಬಂದು ಎದುರು ಹಲಗೆಯ ಮೈಗೆ ಕಚ್ಚುತ್ತದೆ. ಅಲ್ಲಿ ಹಿಡಿತ ಚೆನ್ನಾಗಿರುತ್ತದೆ.

ಡ್ರಿಲ್‌ನ ಬಿಟ್ಟನ್ನು (ಕೊರೆಯುವ ಕಡ್ಡಿ) ಆ ಓರೆಯಲ್ಲೇ ಹಿಡಿದು ನಡೆಸುವ ಅಚ್ಚಿಗೇ ಜಿಗ್ ಎನ್ನುವುದು. ಮೊದಲು ಕೊಂಡದ್ದು ಒಂದೇ ತೂತಿನ ಅಗ್ಗದ ಪ್ಲಾಸ್ಟಿಕ್ ಜಿಗ್. ಒಂದು ಸ್ಟೂಲಿಗೆ ಅದು ಸಾಕಾಯಿತು. ಕಬೋರ್ಡಿಗೆ ಬಂದಾಗ ಬಿಟ್ ಒಳಗೆ ಅಲ್ಲಾಡಲು ಶುರುವಾಯಿತು, ತೂತುಗಳು ಒಂದೊಂದು ಒಂದೊಂದು ಕಡೆ.

ಎರಡನೆಯದಕ್ಕೆ ಹುಡುಕುವಾಗ ಟೇಬಲ್ಲಿಗೆ ಕೂರಿಸುವ ಮೂರು ತೂತಿನ ದೊಡ್ಡ ಜಿಗ್ ಮೇಲೆ ಮನಸ್ಸಾಗಿತ್ತು. ಆದರೆ ಅದರಲ್ಲಿ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಬಾಗಿಲ ಚೌಕಟ್ಟಿನ ಸಣ್ಣ ಪಟ್ಟಿಗಳಿಗೆ ಅದು ಬಹಳ ಅನುಕೂಲ. ನನ್ನ ಕಬೋರ್ಡಿನ ತಳದ ಹಲಗೆಗಳು 560 ಮಿ.ಮೀ. ಆಳ, ಕೆಲವು 800 ಮಿ.ಮೀ. ಉದ್ದ. ಒಬ್ಬನೇ ಅವನ್ನು ಎತ್ತಿ ನಿಲ್ಲಿಸುವುದು ಕಷ್ಟ ಅಲ್ವಾ? ಹಲಗೆಯನ್ನು ನೆಲಕ್ಕೆ ಸಮನಾಗಿ ಮಲಗಿಸಿ, ಜಿಗ್ಗನ್ನೇ ಅದರ ಮೇಲೆ ಇಟ್ಟು ಕ್ಲ್ಯಾಂಪ್ ಹಾಕುವುದು ಸುಲಭ. ಹಾಗಾಗಿ ಎರಡು ತೂತಿನ ಕೈಜಿಗ್ ತೆಗೆದುಕೊಂಡೆ. ತೂತಿನ ಒಳಗೆ ಗಟ್ಟಿ ಉಕ್ಕಿನ ಕೊಳವೆ ಇದೆಯಾ, ಹೊಟ್ಟು ಹೊರಗೆ ಬೀಳಲು ಜಾಗ ಇದೆಯಾ ಎಂದು ನೋಡಿದೆ. ಹೊಟ್ಟು ತುಂಬಿದರೆ ಬಿಟ್ ಬಿಸಿಯಾಗಿ ತೂತು ಒರಟಾಗುತ್ತದೆ.

ಜಿಗ್ಗಿನ ಮೇಲೆ 19 ಮಿ.ಮೀ. ದಪ್ಪದ ಹಲಗೆಗೆಂದು ಗುರುತು ಇತ್ತು. ನನ್ನ "18 ಮಿ.ಮೀ." ಪ್ಲೈ ವರ್ನಿಯರ್‌ನಲ್ಲಿ ಅಳೆದರೆ 17.3! ಗುರುತಿನಂತೆ ಕೊರೆದು 32 ಮಿ.ಮೀ. ಸ್ಕ್ರೂ ಹಾಕಿದಾಗ ಚೂರು ಹಲಗೆಯ ಆ ಬದಿಯಲ್ಲಿ ಮೊನೆ ಇಣುಕಿತು. ಬಿಟ್‌ನ ತಡೆಯುಂಗುರವನ್ನು 2 ಮಿ.ಮೀ. ಕೆಳಗೆ ಸರಿಸಿ, ತೂತಿನ ಆಳ ಕಡಿಮೆ ಮಾಡಿದೆ. ಸ್ಕ್ರೂ ತಲೆ ಅಷ್ಟು ಹಿಂದೆಯೇ ಕೂತಿತು, ಮೊನೆ ಒಳಗೇ ಉಳಿಯಿತು. ದಯವಿಟ್ಟು ಚೂರು ಹಲಗೆಯಲ್ಲಿ ಮೊದಲು ನೋಡಿ, ಒಳ್ಳೆಯ ಶೀಟ್ ಮುಟ್ಟುವ ಮುಂಚೆ.

ಸ್ಕ್ರೂನಲ್ಲಿ ಉಳಿತಾಯ ಮಾಡಬೇಡಿ. ಕಪ್ಪು ಡ್ರೈವಾಲ್ ಸ್ಕ್ರೂಗಳ ತಲೆ ಕೆಳಗೆ ಕೊಳವೆಬಾಯಿಯಂತೆ ಓರೆ. ಅದು ಬೆಣೆ ಹೊಡೆದಂತೆ ಪ್ಲೈ ಸೀಳುತ್ತದೆ. ತಲೆಯ ತಳ ಚಪ್ಪಟೆ ಇರುವುದೇ ಬೇಕು. ಸ್ಕ್ರೂ ಮೈಮೇಲಿನ ಸುರುಳಿ ಗೀರು, ಅಂದರೆ ಮರೆ, ಪ್ಲೈಗೆ ಅಗಲ ಇರಲಿ, ಗಟ್ಟಿಮರಕ್ಕೆ ಸಣ್ಣದಿರಲಿ.

ಜಿಗ್ಗಿನ ಜೊತೆಗೇ ಲಂಬಕೋನದ ಕ್ಲ್ಯಾಂಪ್‌ಗೂ ದುಡ್ಡು ತೆಗೆದಿಡಿ. ಸ್ಕ್ರೂ ಓರೆಯಾಗಿ ಹೋಗುವುದರಿಂದ ಬಿಗಿಯುವಾಗ ಹಲಗೆ ಜರುಗುತ್ತದೆ. ನನ್ನ ಮೊದಲ ಡಬ್ಬದಲ್ಲಿ ಒಂದು ಮಿ.ಮೀ. ಮೆಟ್ಟಿಲು ಬಂದದ್ದು ಸುಮ್ನೆ ಕೈಯಲ್ಲಿ ಹಿಡಿದದ್ದಕ್ಕೆ.

ತೂತುಗಳನ್ನೆಲ್ಲ ತಳದ ಹಲಗೆಯ ಅಡಿಯಲ್ಲಿ, ಗ್ರಾನೈಟ್ ಕೆಳಗಿನ ಪಟ್ಟಿಗಳ ಮೇಲ್ಬದಿಯಲ್ಲಿ ಕೊರೆದೆ, ಯಾವುದೂ ಕಾಣುವುದಿಲ್ಲ. ಸಿಂಕ್ ಕೆಳಗಿನ ಡಬ್ಬದ ತೂತುಗಳಿಗೆ ಮಾತ್ರ ಬ್ರಷ್‌ನಿಂದ ಎರಡು ಸಲ ವಾರ್ನಿಷ್ ಹಚ್ಚಿದೆ. ಅಲ್ಲಿ ಪ್ಲೈ ಪದರ ಬರಿದಾಗಿರುತ್ತದೆ, ನೀರು ಮೊದಲು ಹಿಡಿಯುವುದು ಅಲ್ಲೇ.