ತಾರಸಿ ನೋಡುವ ಮೊದಲು ಕರೆಂಟ್ ಬಿಲ್ ನೋಡಿ: ಮನೆ ಮೇಲೆ ಸೋಲಾರ್ ಹಾಕಿಸುವುದು ಹೇಗೆ?

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹೋದ ಬೇಸಿಗೆಗೆ ಮೂರು ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಬಂದವು. ಅಲ್ಲಿಂದ ಸಂಜೆ ಕಟ್ಟೆ ಮೇಲೆ ಕೂತರೆ ಬರೀ ಅದೇ ಮಾತು. "ಸರಕಾರ 78 ಸಾವಿರ ಕೊಡತೈತಂತ, ನಾವೂ ಹಾಕಸೂಣೇನ್ರಿ?" ನಮ್ಮ ಮನೆಗೆ ಹಾಕಿಸಿ ವರ್ಷ ದಾಟಿದೆ, ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಯೂನಿಟ್ ಬೀಳುತ್ತದೆ? ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರುವುದಿಲ್ಲ. ರೂಪಾಯಿ ಗೊತ್ತು, ಯೂನಿಟ್ ಗೊತ್ತಿಲ್ಲ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಕಳೆದ ಹನ್ನೆರಡು ತಿಂಗಳ ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ ಹುಡುಕಿ. ಒಂದು ಹಾಳೆಯ ಮೇಲೆ ತಿಂಗಳುವಾರು ಯೂನಿಟ್ ಬರೆಯಿರಿ. ಏಪ್ರಿಲ್, ಮೇ ಜಾಸ್ತಿ ಇರುತ್ತದೆ, ಡಿಸೆಂಬರ್ ಕಡಿಮೆ. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ. ಆ ಸರಾಸರಿಯ ಮೇಲೆ ಉಳಿದದ್ದೆಲ್ಲ ನಿಂತಿದೆ.

ಯಾರು ಹಾಕಿಸಬೇಕು, ಯಾರು ಬೇಡ

ಇದನ್ನು ಸೋಲಾರ್ ಮಾರುವವರು ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಕೊಡುತ್ತಾರೆ. ಸರಾಸರಿ 110 ಯೂನಿಟ್ ಇದ್ದವರಿಗೆ 121ರವರೆಗೆ ಬಿಲ್ ಸೊನ್ನೆ. ಇಂಥ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿಸುವುದಾದರೂ ಏನನ್ನು? ಬಿಲ್ಲೇ ಇಲ್ಲ. ಸದ್ಯಕ್ಕೆ ಸುಮ್ನೆ ಇರಿ ಅಂತ ನಾನು ನೇರವಾಗಿ ಹೇಳುತ್ತೇನೆ. ಪಕ್ಕದ ಮನೆಯವರು ಹಾಕಿಸಿದ್ದಾರೆ ಅನ್ನುವುದು ಕಾರಣ ಅಲ್ಲ.

ಆದರೆ 200 ದಾಟುವ ಮನೆಯ ಕಥೆ ಬೇರೆ. ಒಂದು ಯೂನಿಟ್ ಮೀರಿದರೂ ಪೂರ್ತಿ ಬಿಲ್ ಕಟ್ಟಬೇಕು, ಗೊತ್ತಲ್ವಾ? 2025-26ರ ದರದ ಪ್ರಕಾರ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ ಇತ್ತು. ವಿದ್ಯುತ್ ಕಂಪನಿ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ ಅದರ ಮೇಲೆ, ತೆರಿಗೆ ಬೇರೆ, ನಿಗದಿತ ಶುಲ್ಕ ಬೇರೆ. ಕೂಡುಕುಟುಂಬ, ಎರಡು ಫ್ರಿಡ್ಜ್, ಬೋರ್‌ವೆಲ್ ಮೋಟರ್, ಒಂದು ಎಸಿ ಇರುವ ಮನೆಗೆ ತಿಂಗಳಿಗೆ 300 ಯೂನಿಟ್ ಆರಾಮಾಗಿ ಆಗುತ್ತದೆ. ಈ ಲೇಖನ ಅಂಥವರಿಗೆ.

ಎಷ್ಟು ಕಿಲೋವ್ಯಾಟ್ ಸಾಕು

ನಮ್ಮ ಕಡೆ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಅಂತ ಹಿಡಿಯಿರಿ. ಮಾರ್ಚ್‌ನಲ್ಲಿ ಅದಕ್ಕಿಂತ ಜಾಸ್ತಿ, ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ತೀರಾ ಕಡಿಮೆ. ಧಾರವಾಡ, ಹಾನಗಲ್ಲ ಕಡೆ ಮೋಡ ಹೆಚ್ಚು, ಗದಗ-ರೋಣದ ಕಡೆ ಬಿಸಿಲು ಹೆಚ್ಚು. ಅಂದರೆ 3 ಕಿಲೋವ್ಯಾಟ್ ಹಾಕಿದರೆ ವರ್ಷದ ಲೆಕ್ಕದಲ್ಲಿ ತಿಂಗಳಿಗೆ 300ರಿಂದ 360 ಯೂನಿಟ್. ಜಾಗ ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಬೇಕು.

ಸಬ್ಸಿಡಿ ಕೊಡುವುದು ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ. 2024ರ ಫೆಬ್ರುವರಿಯಲ್ಲಿ ಶುರುವಾಯಿತು, 1 ಕೋಟಿ ಮನೆಗಳ ಗುರಿ, 2026-27ರವರೆಗೆ ಅವಧಿ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಒಟ್ಟು 78 ಸಾವಿರ. ಅಲ್ಲಿಗೆ ನಿಂತಿತು. ನೀವು 5 ಹಾಕಿಸಿದರೂ 78 ಸಾವಿರವೇ, 10 ಹಾಕಿಸಿದರೂ ಅಷ್ಟೇ. ಅಪಾರ್ಟ್‌ಮೆಂಟ್‌ನ ಲಿಫ್ಟ್, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗಾದರೆ ಸಂಘಕ್ಕೆ ಕಿಲೋವ್ಯಾಟ್‌ಗೆ 18 ಸಾವಿರದಂತೆ ಸಿಗುತ್ತದೆ. ಅಂಗಡಿ, ಗಿರಣಿ, ಗೋದಾಮಿಗೆ ಈ ಸಬ್ಸಿಡಿ ಇಲ್ಲ.

ಲೆಕ್ಕ ಹಾಕೋಣ. 3 ಕಿಲೋವ್ಯಾಟ್‌ಗೆ ಸುಮಾರು 2 ಲಕ್ಷ ಅಂತ ಇಟ್ಟುಕೊಳ್ಳಿ. ಸಬ್ಸಿಡಿ ಕಳೆದರೆ ಕೈಯಿಂದ 1.22 ಲಕ್ಷ. ತಿಂಗಳಿಗೆ 300 ಯೂನಿಟ್ ಉಳಿದರೆ 1,800 ರೂಪಾಯಿ ಮೇಲೆ ಉಳಿತಾಯ. ಐದು-ಐದೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಪ್ಯಾನೆಲ್ ಇಪ್ಪತ್ತೈದು ವರ್ಷ ನಡೆಯುತ್ತದೆ. ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬರುವಂತೆ ಮಾಡುವ ಇನ್ವರ್ಟರ್ ಅಷ್ಟು ಬರುವುದಿಲ್ಲ, ಮಧ್ಯೆ ಒಮ್ಮೆ ಬದಲಿಸುವ ಖರ್ಚು ಮನಸ್ಸಿನಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಬಂದವರಿಗೆ ಇದನ್ನು ನೆನಪಿಸಿ.

ನೆಟ್ ಮೀಟರಿಂಗ್ ಅಂದರೆ ಇಷ್ಟೇ

ಹಗಲು ಹೊತ್ತು ನಿಮ್ಮ ಪ್ಯಾನೆಲ್ ಕರೆಂಟ್ ತಯಾರಿಸುತ್ತದೆ. ಮನೆಗೆ ಬೇಕಾದಷ್ಟು ಮನೆಯೇ ಬಳಸುತ್ತದೆ, ಮಿಕ್ಕಿದ್ದು ಕಂಬದ ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ನೀವು ತೆಗೆದುಕೊಳ್ಳುತ್ತೀರಿ. ಎರಡನ್ನೂ ಒಂದೇ ಮೀಟರ್ ಬೇರೆ ಬೇರೆ ಎಣಿಸುತ್ತದೆ, ಅದೇ ಬೈಡೈರೆಕ್ಷನಲ್ ಮೀಟರ್. ತಿಂಗಳಲ್ಲಿ 250 ತೆಗೆದುಕೊಂಡು 200 ಕೊಟ್ಟಿದ್ದರೆ ಬಿಲ್ 50 ಯೂನಿಟ್‌ಗೆ. ನಿಗದಿತ ಶುಲ್ಕ ಮಾತ್ರ ಕಟ್ಟಲೇಬೇಕು, ಅದು ಎಲ್ಲೂ ಹೋಗುವುದಿಲ್ಲ. ಹಾಗಾಗಿ "ಇನ್ನು ಬಿಲ್ಲೇ ಬರೂದಿಲ್ರಿ" ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ತೆಗೆದುಕೊಂಡದ್ದಕ್ಕಿಂತ ಕೊಟ್ಟದ್ದೇ ಜಾಸ್ತಿಯಾದರೆ? ಹೆಚ್ಚುವರಿಗೆ ಹೆಸ್ಕಾಂ ದುಡ್ಡು ಕೊಡುತ್ತದೆ. ದರ ಹೆಸ್ಕಾಂ ಇಟ್ಟದ್ದಲ್ಲ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಇಟ್ಟದ್ದು. ನೀವು ಒಪ್ಪಂದ ಮಾಡಿಕೊಳ್ಳುವಾಗ ಇದ್ದ ದರ 25 ವರ್ಷ ನಡೆಯುತ್ತದೆ. 2013ರಲ್ಲಿ ಸಬ್ಸಿಡಿ ಪಡೆಯದವರಿಗೆ ಇದು ಯೂನಿಟ್‌ಗೆ 9.56 ರೂಪಾಯಿ ಇತ್ತು. ಆ ಕಾಲದ ಕಥೆ ಕೇಳಿ ಈಗಲೂ ಕೆಲವರು ತಾರಸಿ ತುಂಬ ಪ್ಯಾನೆಲ್ ಹಾಕಿ ಕರೆಂಟ್ ಮಾರುತ್ತೇನೆ ಅನ್ನುತ್ತಾರೆ. ಪ್ಯಾನೆಲ್ ಬೆಲೆ ಇಳಿದಂತೆ ಆ ದರವೂ ಇಳಿದಿದೆ. ಈಗ ನೀವು ಕೊಳ್ಳುವ ದರಕ್ಕಿಂತ ಮಾರುವ ದರ ಕಡಿಮೆ. ಆದ್ದರಿಂದ ಮನೆಗೆ ಎಷ್ಟು ಬೇಕೋ ಅಷ್ಟೇ ಹಾಕಿಸಿ. 78 ಸಾವಿರ ಪೂರ್ತಿ ಸಿಗಲಿ ಅಂತ 2 ಸಾಕಾಗುವ ಮನೆಗೆ 3 ಹಾಕಿಸಿದವರನ್ನು ನೋಡಿದ್ದೇನೆ. ಹದಿನೆಂಟು ಸಾವಿರಕ್ಕಾಗಿ ಅದರ ಎರಡು-ಮೂರು ಪಟ್ಟು ಜಾಸ್ತಿ ಖರ್ಚು ಮಾಡಿದಂತಾಯಿತು, ಅಲ್ವಾ?

ಇನ್ನೊಂದು ಮಾತು, ಇದನ್ನು ಕೇಳಿ ಬಹಳ ಜನ ಬೇಜಾರಾಗುತ್ತಾರೆ. ಕರೆಂಟ್ ಹೋದರೆ ನಿಮ್ಮ ಸೋಲಾರ್ ಕೂಡ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ನಿಲ್ಲುತ್ತದೆ. ಲೈನ್‌ಮನ್ ಕಂಬ ಹತ್ತಿ ಕೆಲಸ ಮಾಡುತ್ತಿರುವಾಗ ನಿಮ್ಮ ತಾರಸಿಯಿಂದ ಕರೆಂಟ್ ಹರಿದರೆ ಅವರ ಜೀವಕ್ಕೇ ಅಪಾಯ, ಅದಕ್ಕೆ ಇನ್ವರ್ಟರ್ ತಾನಾಗಿಯೇ ಬಂದ್ ಆಗುವಂತೆ ಮಾಡಿರುತ್ತಾರೆ. ಕರೆಂಟ್ ಇಲ್ಲದಾಗಲೂ ದೀಪ ಉರಿಯಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಸೋಲಾರ್ ಬೇಕು, ಅದಕ್ಕೆ ಖರ್ಚು ಜಾಸ್ತಿ.

ಬಿಲ್ ಯಾರ ಹೆಸರಲ್ಲಿದೆ?

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಇದು. ಪ್ಯಾನೆಲ್ ಕೂರಿಸಲು ಎರಡು ದಿನ ಸಾಕಾಯಿತು, ಹೆಸರು ಬದಲಿಸಲು ತಿಂಗಳುಗಳು ಬೇಕಾದವು. ಮನೆ ನಮ್ಮ ಹೆಸರಿಗೆ ಬಂದು ಎಷ್ಟೋ ವರ್ಷ ಆಗಿತ್ತು, ಮೀಟರ್ ಮಾತ್ರ ಇನ್ನೂ ಅಜ್ಜನ ಹೆಸರಲ್ಲಿತ್ತು. ಹಳೇ ಹುಬ್ಬಳ್ಳಿ, ಗದಗ-ಬೆಟಗೇರಿ, ಹಾವೇರಿ ಪೇಟೆಯ ಹಳೆಯ ಮನೆಗಳಲ್ಲಿ ಇದು ಮಾಮೂಲು. ಬಿಲ್ ಕಟ್ಟುತ್ತಾ ಹೋದರೆ ಯಾರೂ ಕೇಳುವುದಿಲ್ಲ. ಸಬ್ಸಿಡಿ ಅರ್ಜಿ ಹಾಕುವಾಗ ಮಾತ್ರ ಬಿಲ್ಲಿನ ಹೆಸರು, ಆಧಾರ್ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಮೂರೂ ಒಂದೇ ಆಗಬೇಕು. ಆದ್ದರಿಂದ ಗುತ್ತಿಗೆದಾರರನ್ನು ಕರೆಯುವ ಮೊದಲೇ ಉತಾರ (ಮನೆಯ ಆಸ್ತಿ ದಾಖಲೆ), ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯವರ ಒಪ್ಪಿಗೆ ಪತ್ರ ಹಿಡಿದುಕೊಂಡು ನಿಮ್ಮ ಹೆಸ್ಕಾಂ ಉಪವಿಭಾಗದ ಆಫೀಸಿಗೆ ಹೋಗಿ. ಅಣ್ಣತಮ್ಮಂದಿರ ನಡುವೆ ಪಾಲು ಆಗಿಲ್ಲದಿದ್ದರೆ ಆ ಮಾತು ಮೊದಲು ಮುಗಿಸಿಕೊಳ್ಳಿ. ತಾರಸಿ ಯಾರದು ಅನ್ನುವ ಜಗಳ ಪ್ಯಾನೆಲ್ ಬಂದ ಮೇಲೆ ಶುರುವಾದರೆ ಬಿಡಿಸುವುದು ಕಷ್ಟ.

ಅರ್ಜಿಯ ದಾರಿ

ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಳ್ಳಿ. ರಾಜ್ಯ, ಆಮೇಲೆ ಹೆಸ್ಕಾಂ, ಆಮೇಲೆ ಬಿಲ್ ಮೇಲಿರುವ ಅಕೌಂಟ್ ಐಡಿ. ಬಿಲ್ಲಿನಲ್ಲಿ ಆರ್‌.ಆರ್. ನಂಬರ್ ಕೂಡ ಇರುತ್ತದೆ, ಎರಡನ್ನೂ ಅದಲುಬದಲು ಮಾಡಬೇಡಿ. ಹೆಸ್ಕಾಂನಿಂದ ಒಪ್ಪಿಗೆ ಬರಬೇಕು. ಇದು ಈಗ ಸುಲಭ, ಯಾಕಂದರೆ 2024ರ ಫೆಬ್ರುವರಿಯ ನಿಯಮ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಅಧ್ಯಯನ ಬೇಕಿಲ್ಲ, ಅರ್ಜಿ ಒಪ್ಪಿದಂತೆಯೇ ಲೆಕ್ಕ. 5 ಕಿಲೋವ್ಯಾಟ್‌ವರೆಗಿನ ಸೋಲಾರ್‌ಗಾಗಿ ಲೈನ್ ಬಲಪಡಿಸಬೇಕಾದರೆ ಆ ಖರ್ಚೂ ವಿದ್ಯುತ್ ಕಂಪನಿಯದೇ. "ಟಿಸಿ ಸಣ್ಣದೈತ್ರಿ, ಬದಲಸಾಕ ರೊಕ್ಕ ಕೊಡ್ರಿ" ಅಂತ ಟ್ರಾನ್ಸ್‌ಫಾರ್ಮರ್ (ಟಿಸಿ) ಹೆಸರಲ್ಲಿ ಯಾರಾದರೂ ಕೇಳಿದರೆ ಈ ನಿಯಮ ತೋರಿಸಿ.

ಒಪ್ಪಿಗೆ ಬಂದ ಮೇಲೆ ಪೋರ್ಟಲ್‌ನ ಪಟ್ಟಿಯಲ್ಲಿರುವ ನೋಂದಾಯಿತ ಕಂಪನಿಯಿಂದಲೇ ಹಾಕಿಸಬೇಕು. ಪಟ್ಟಿಯ ಹೊರಗಿನವರು ಎಷ್ಟೇ ಕಡಿಮೆ ಹೇಳಲಿ, ಸಬ್ಸಿಡಿ ಬರುವುದಿಲ್ಲ. ಕನಿಷ್ಠ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಕೂಡಿಸಿದ ಮೇಲೆ ಕಂಪನಿ ವಿವರ ಅಪ್‌ಲೋಡ್ ಮಾಡುತ್ತದೆ, ಹೆಸ್ಕಾಂನವರು ಬಂದು ಪರೀಕ್ಷಿಸಿ ಮೀಟರ್ ಹಾಕುತ್ತಾರೆ, ಸೋಲಾರ್ ಚಾಲೂ ಆಯಿತು ಅನ್ನುವ ಕಮಿಷನಿಂಗ್ ವರದಿ ಬರುತ್ತದೆ. ಆಮೇಲೆ ನೀವು ಬ್ಯಾಂಕ್ ವಿವರ ಮತ್ತು ರದ್ದು ಮಾಡಿದ ಚೆಕ್ ಹಾಕಬೇಕು. 30 ದಿನದೊಳಗೆ ಸಬ್ಸಿಡಿ ನೇರ ನಿಮ್ಮ ಖಾತೆಗೆ ಬರಬೇಕು. ತೊಂದರೆಯಾದರೆ ಯೋಜನೆಯ ಸಹಾಯವಾಣಿ 15555, ಹೆಸ್ಕಾಂ 1912.

ಸಾಲ ಬೇಕಿದ್ದರೆ ಸರಕಾರಿ ಬ್ಯಾಂಕುಗಳು 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಅಡಮಾನ ಇಲ್ಲದೆ ಕೊಡುತ್ತವೆ, ಬಡ್ಡಿ ಸುಮಾರು ಶೇ 6. ಕೇಂದ್ರ ಸರಕಾರದ ಜನ್ ಸಮರ್ಥ್ ಪೋರ್ಟಲ್ ಮೂಲಕ ಅರ್ಜಿ. ಫೈನಾನ್ಸ್ ಕಂಪನಿಯ ದುಬಾರಿ ಸಾಲಕ್ಕೆ ಹೋಗುವ ಮೊದಲು ಇದನ್ನು ಕೇಳಿ.

ಕೊಟೇಶನ್‌ನಲ್ಲಿ ಬರೆಸಿಕೊಳ್ಳಬೇಕಾದದ್ದು

ಮೊದಲು ನಮ್ಮಲ್ಲಿಗೆ ಬಂದ ಒಬ್ಬ ಏಜೆಂಟ್ ಬಹಳ ಕಡಿಮೆ ರೇಟ್ ಹೇಳಿದ. ಬಿಡಿಸಿ ಕೇಳಿದಾಗ ಗೊತ್ತಾಯಿತು, ಅವನ ಪ್ಯಾನೆಲ್‌ಗಳ ಸೆಲ್ ಹೊರದೇಶದ್ದು. ಸಬ್ಸಿಡಿಗೆ ಭಾರತದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್ ಬೇಕು, ವ್ಯವಹಾರದಲ್ಲಿ ಇದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಅವನ ಮಾತು ನಂಬಿದ್ದರೆ ನಮಗೆ 78 ಸಾವಿರ ಹೋಗುತ್ತಿತ್ತು. ಡಿಸಿಆರ್ ಪ್ರಮಾಣಪತ್ರ ಮತ್ತು ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಕೈಗೆ ಬರುವತನಕ ಕೊನೆಯ ಕಂತು ಕೊಡಬೇಡಿ. ಐದು ವರ್ಷದ ನಿರ್ವಹಣೆ ಕಂಪನಿಯ ಜವಾಬ್ದಾರಿ, ಅದು ಕರಾರಿನಲ್ಲಿ ಇರಲಿ. ಮೀಟರ್ ಖರ್ಚು ಯಾರದು, ಅರ್ಥಿಂಗ್ ಎಷ್ಟು, ಸಿಡಿಲು ನಿರೋಧಕ ಇದೆಯೋ ಇಲ್ಲವೋ, ಎಲ್ಲ ಬರೆಸಿ.

ಸ್ಟ್ಯಾಂಡಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ, ಗದಗದ ಕಡೆ ಗಾಳಿ ಆ ಥರ ಬೀಸುತ್ತದೆ. ಗ್ಯಾಲ್ವನೈಸ್ ಮಾಡಿದ ಕಬ್ಬಿಣವೇ ಇರಲಿ, ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ವಾಲಿರಲಿ. ನಮ್ಮ ಅವ್ವ ಒಂದೇ ಷರತ್ತು ಹಾಕಿದ್ದಳು: ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ ಒಣಗಿಸಲು ಜಾಗ ಬೇಕು. ಅದಕ್ಕೆ ಎಂಟು ಅಡಿ ಎತ್ತರದ ಸ್ಟ್ಯಾಂಡ್ ಹಾಕಿಸಿದೆವು. ಸ್ವಲ್ಪ ಜಾಸ್ತಿ ಖರ್ಚಾಯಿತು, ಆದರೆ ತಾರಸಿ ಮನೆಯವರಿಗೇ ಉಳಿಯಿತು. ಪ್ಯಾನೆಲ್‌ಗಳ ನೆರಳು ಬಿದ್ದರೂ ಶಾವಿಗೆಗೆ ಬೇಕಾದ ಬಿಸಿಲು ಅಂಚಿನಲ್ಲಿ ಸಿಗುತ್ತದೆ. ಮಣ್ಣಿನ ಮಾಳಿಗೆ ಮನೆ ಇದ್ದವರು ಮಾತ್ರ ಮೇಲೆ ಭಾರ ಹೇರಬೇಡಿ, ಜಂತಿ ತಡೆಯುವುದಿಲ್ಲ.

ನೆರಳು ನೋಡಲು ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಮೇಲೆ ಹೋಗಿ ನಿಲ್ಲಿ. ತೆಂಗಿನ ಗರಿ, ನೀರಿನ ಟಾಕಿ, ಪಕ್ಕದ ಮನೆಯ ಹೊಸ ಮಹಡಿ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಅದರ ಜೊತೆ ಜೋಡಿಸಿದ ಉಳಿದವೂ ಸೊರಗುತ್ತವೆ.

ಆಮೇಲಿನ ಕೆಲಸ ಒಂದೇ, ಧೂಳು. ನಮ್ಮ ಕಡೆ ಫೆಬ್ರುವರಿಯಿಂದ ಮೇವರೆಗೆ ಧೂಳು ಒಂದು ಪದರ ಕೂರುತ್ತದೆ, ಒರೆಸದಿದ್ದರೆ ಯೂನಿಟ್ ಇಳಿಯುವುದು ಮೊಬೈಲ್ ಆ್ಯಪ್‌ನಲ್ಲೇ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಒರೆಸಿ. ನಳದ ನೀರು ದಿನಾ ಬರದ ಊರು ನಮ್ಮದು, ಆದರೂ 3 ಕಿಲೋವ್ಯಾಟ್‌ಗೆ ಎರಡು ಬಕೆಟ್ ಸಾಕು. ಬೋರಿನ ಸವಳು ನೀರು ಬೇಡ, ಬಿಳಿ ಕಲೆ ಕೂತರೆ ಹೋಗುವುದಿಲ್ಲ. ಮೆತ್ತನೆ ಬಟ್ಟೆ ಇರಲಿ, ಸೋಪಿನ ಪುಡಿ ಬೇಡ. ಬೆಳಿಗ್ಗೆ ಏಳರೊಳಗೆ ಮುಗಿಸಿ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿದರೆ ಬಿರುಕು ಬಿಡಬಹುದು.